ತಲೆಯಿಲ್ಲದ ಹಕ್ಕಿಗಳು

ಹೊಳೆಮೂಲೆ ಕ್ಯಾಂಪ್, ಕುಟ್ಟ
10 ನವೆಂಬರ್ 2024

ಅಪ್ಪನಿಗೆ ದಿವ್ಯಶ್ರೀಯ ನಮಸ್ಕಾರಗಳು.

ನಾನು ಆರೋಗ್ಯವಾಗಿದ್ದೇನೆ. ಲಕೋಟೆಯೊಳಗೆ ಒಂದು ಮೆಮೊರಿ ಕಾರ್ಡ್ ಇದೆ. ಅದರಲ್ಲಿರುವ ಒಂಬತ್ತು ಫೋಟೋಗಳನ್ನು ಪ್ರಿಂಟ್ ಹಾಕಿ ಕಳಿಸಿಕೊಡುವಿರಾ? ಬೇರೆ ಸ್ಟುಡಿಯೋದವರಿಗೆ ಕೊಟ್ಟರೆ ಕೆಟ್ಟ ಫೋಟೋ ಎಂದು ಅಳಿಸಿಬಿಡುತ್ತಾರೆ. ಕೆಟ್ಟವೇ ಹೌದು, ಆದರೆ ನಮಗೆ ಕೆಟ್ಟವೇ ಬೇಕು.

ಕಾರಣ ಹೇಳುತ್ತೇನೆ. ಕ್ಯಾಂಪಿನಲ್ಲಿ ನಾವು ಮೂವರು. ನಾನು, ನನ್ನ ಹಾಗೆಯೇ ಹೊಸದಾಗಿ ಸೇರಿದ ಫಾರೆಸ್ಟ್ ಗಾರ್ಡ್ ಅನುಶ್ರೀ, ಮತ್ತೆ ಈ ಕಾಡಿನಲ್ಲೇ ಹುಟ್ಟಿ ಬೆಳೆದ ವಾಚರ್ ಮಹೇಶಣ್ಣ. ಸಂಜೆ ಗಸ್ತು ಮುಗಿಸಿ ಬಂದ ಮೇಲೆ ಒಂದು ಆಟ ಆಡುತ್ತೇವೆ. ಪೂರ್ತಿ ಕಾಣದ ಹಕ್ಕಿಯ ಫೋಟೋ ಇಡಬೇಕು. ಬಾಲ, ರೆಕ್ಕೆ, ಬೆನ್ನು, ಏನಾದರೂ ಸರಿ. ಉಳಿದವರು ಹೆಸರು ಹೇಳಬೇಕು. ಸೋತವರು ಬೆಳಿಗ್ಗೆ ಹೊಳೆಯಿಂದ ಎರಡು ಕೊಡ ನೀರು ತರಬೇಕು. ಹತ್ತೊಂಬತ್ತು ದಿನದಿಂದ ನಾನೇ ತರುತ್ತಿದ್ದೇನೆ. ಕ್ಯಾಂಪಿನಲ್ಲಿದ್ದ ಹಳೆಯ ಫೋಟೋಗಳೆಲ್ಲ ಆಡಿ ಮುಗಿದವು. ಆನೆ ಇದೆಯೋ ಎಂದು ನೋಡಲು ಮಹೇಶಣ್ಣ ಜೊತೆಗೆ ಬರುತ್ತಾರೆ, ಕೊಡ ಮಾತ್ರ ಮುಟ್ಟುವುದಿಲ್ಲ.

ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಸೋಲಾರ್ ಕರೆಂಟು ವೈರ್‌ಲೆಸ್ ಸೆಟ್ಟಿಗೇ ಸರಿಹೋಗುತ್ತದೆ. ಅದಕ್ಕೇ ಕಾಗದದ ಮೇಲೆ ಬೇಕು. ಟಪಾಲು ಶನಿವಾರ ರೇಷನ್ ಜೀಪಿನಲ್ಲಿ ಬರುತ್ತದೆ.

ಮನೆಯಿಂದ ಬರುವಾಗ ಸೆಲ್ ಹಾಕುವ ಹಳೆಯ ಸಣ್ಣ ಕ್ಯಾಮೆರಾವನ್ನು ಕೇಳದೆ ತಂದಿದ್ದೆ. ಕ್ಷಮಿಸಬೇಕು.

ಇಂತು,
ದಿವ್ಯಶ್ರೀ


ದಿವ್ಯ ಡಿಜಿಟಲ್ ಸ್ಟುಡಿಯೋ, ಸುಂಟಿಕೊಪ್ಪ
18 ನವೆಂಬರ್ 2024

ಚಿ. ದಿವ್ಯಶ್ರೀಗೆ,

ಒಂಬತ್ತು ಪ್ರಿಂಟ್ ಕಳಿಸಿದ್ದೇನೆ.

ಮೂವತ್ತೊಂದು ವರ್ಷದಲ್ಲಿ ಈ ಅಂಗಡಿಯಿಂದ ತಲೆಯಿಲ್ಲದ ಫೋಟೋ ಹೊರಗೆ ಹೋದದ್ದು ಇದೇ ಮೊದಲು. ಮದುವೆಯಲ್ಲಿ ಹೀಗೆ ತೆಗೆದಿದ್ದರೆ ಹೆಣ್ಣಿನ ಕಡೆಯವರು ನನ್ನನ್ನು ಛತ್ರದ ಕಂಬಕ್ಕೆ ಕಟ್ಟಿಹಾಕುತ್ತಿದ್ದರು. ಎರಡನೆಯದರಲ್ಲಿ ಬರೀ ಎಲೆ ಇದೆ. ಹಕ್ಕಿ ಎಲ್ಲಿದೆಯೋ ನನಗೆ ಕಾಣಲಿಲ್ಲ. ನಾಲ್ಕನೆಯದು ಕಾಗೆ. ಅದರ ಹಿಂದೆ ಉದ್ದಕ್ಕೆ ಒಂದು ಗೀರು ಬಿದ್ದಿತ್ತು, ಅಳಿಸಿ ಶುದ್ಧ ಮಾಡಿದ್ದೇನೆ.

ಕ್ಯಾಮೆರಾ ನಿನ್ನ ಹತ್ತಿರವೇ ಇರಲಿ. ಕಾಡಿನ ತೇವಕ್ಕೆ ಲೆನ್ಸಿನಲ್ಲಿ ಬೂಷ್ಟು ಹಿಡಿಯುತ್ತದೆ. ಅಕ್ಕಿ ಡಬ್ಬದಲ್ಲಿ ಬಟ್ಟೆ ಸುತ್ತಿ ಇಡು.

ನಾಗರಾಜು

ದಿವ್ಯಾ, ಇದು ಅಮ್ಮ ಬರೆಯುತ್ತಿರುವುದು, ಲಕೋಟೆ ಅಂಟಿಸುವ ಮುಂಚೆ ಕಸಿದುಕೊಂಡೆ. ನಿನ್ನ ಕಾಗದಾನ ನಿಮ್ಮಪ್ಪ ಎರಡು ಸಲ ಓದಿದ್ರು. ‘ಕಳಿಸಿಕೊಡುವಿರಾ’ ಅಂತ ಬರ್ದಿದ್ದೀಯಲ್ಲ, ಯಾವಾಗ ಕಲಿತೆ ಇದನ್ನ? ಅವರೇನು ನಿಮ್ಮ ರೇಂಜರಾ? ನೀರಿನ ಕೊಡ ಸೊಂಟದ ಮೇಲೆ ಇಟ್ಕೊ, ತಲೆ ಮೇಲೆ ಬೇಡ. ವನಜಮ್ಮ.


ಹೊಳೆಮೂಲೆ ಕ್ಯಾಂಪ್
30 ನವೆಂಬರ್ 2024

ಪ್ರೀತಿಯ ಅಪ್ಪಾ,

ನೀನು ಸೋತೆ. ನಾಲ್ಕನೆಯದು ಕಾಗೆಯಲ್ಲ, ಭೀಮರಾಜ. ನೀನು ಗೀರು ಎಂದು ಅಳಿಸಿದೆಯಲ್ಲ, ಅದೇ ಅದರ ಬಾಲ. ಬಾಲದಿಂದ ತಂತಿಯಂತೆ ಎರಡು ಗರಿ ಇಳಿದು ತುದಿಯಲ್ಲಿ ಎಲೆಯ ಹಾಗೆ ಅಗಲವಾಗುತ್ತವೆ. ಈ ಹಕ್ಕಿಗೆ ಒಂದು ಉದುರಿಹೋಗಿತ್ತು. ಉಳಿದಿದ್ದ ಇನ್ನೊಂದನ್ನು ನೀನು ಉದುರಿಸಿದೆ.

ಪ್ರಿಂಟ್ ನೋಡಿ ಮಹೇಶಣ್ಣ ಬಹಳ ಹೊತ್ತು ತಲೆ ಕೆರೆದುಕೊಂಡರು. “ಕೂತಿರೋ ಬಗೆ ಭೀಮರಾಜಂದು, ಬಾಲ ಎಲ್ಲಿ ಹೋಯ್ತು ಮೇಡಂ?” ಎಂದರು. ನಮ್ಮಪ್ಪ ಕತ್ತರಿಸಿದರು ಎಂದೆ. ಆಟದ ನಿಯಮದಲ್ಲಿ ಅದು ಇಲ್ಲವಂತೆ. ಮರುದಿನದ ನೀರು ನಿನ್ನ ಲೆಕ್ಕಕ್ಕೆ ಬರೆದು, ನಿನ್ನ ಪರವಾಗಿ ನನ್ನಿಂದ ಹೊರಿಸಿದರು.

ಎರಡನೆಯದರಲ್ಲಿ ಹಕ್ಕಿ ಇದೆ. ಮಧ್ಯದಲ್ಲಿ ಒಣಗಿದ ಮೋಟು ಕೊಂಬೆ ಕಾಣುತ್ತದಲ್ಲ, ಅದನ್ನೇ ನೋಡುತ್ತಾ ಕೂರು. ಉತ್ತರ ಈಗ ಹೇಳುವುದಿಲ್ಲ.

ಹಕ್ಕಿ ಗುರುತಿಸುವಾಗ ಬಣ್ಣ ನಂಬಬೇಡಿ, ನೆರಳಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ ಎನ್ನುತ್ತಾರೆ ಮಹೇಶಣ್ಣ. ನೀನೂ ಮದುಮಗಳ ಸೀರೆಯ ಬಗ್ಗೆ ಅದನ್ನೇ ಹೇಳುತ್ತಿದ್ದೆ.

ಇನ್ನೊಂದು ಕಾರ್ಡ್ ಇಟ್ಟಿದ್ದೇನೆ. ಏನನ್ನೂ ಅಳಿಸಬೇಡ.

ನಿನ್ನ ಮಗಳು,
ದಿವ್ಯಾ


ಸುಂಟಿಕೊಪ್ಪ
12 ಡಿಸೆಂಬರ್ 2024

ಚಿ. ದಿವ್ಯಾಗೆ ಆಶೀರ್ವಾದಗಳು.

ಆ ಮೋಟು ಕೊಂಬೆಯನ್ನು ಮೂರು ದಿನ ನೋಡಿದೆ. ಕೊನೆಗೆ ಗ್ರಾಹಕರ ಕಣ್ಣಿಗೂ ಬೀಳಲಿ ಎಂದು ಕೌಂಟರಿನ ಗಾಜಿನ ಕೆಳಗೆ ಇಟ್ಟೆ. ಪಿಂಚಣಿ ಕಾಗದಕ್ಕೆ ಫೋಟೋ ತೆಗೆಸಲು ಬಂದ ಬೋಜಮ್ಮನವರು ಕನ್ನಡಕ ಏರಿಸಿ ನೋಡಿ, “ನಾಗರಾಜೂ, ಈ ಮರಕ್ಕೆ ಬಾಯಿ ಉಂಟಲ್ಲ?” ಎಂದರು. ನೋಡಿದರೆ ಹೌದು. ಕಪ್ಪೆಯ ಬಾಯಿಯಂಥ ಅಗಲ ಬಾಯಿ, ಮುಚ್ಚಿದ ಕಣ್ಣು. ನಾನು ಕುಶಾಲನಗರದಿಂದ ತರಿಸಿದ ಹಕ್ಕಿ ಪುಸ್ತಕದಲ್ಲಿ ಹುಡುಕಿದೆ. ಕಪ್ಪೆಬಾಯಿ ಹಕ್ಕಿ. ಸರಿಯೋ ತಪ್ಪೋ ಬರಿ. ಸರಿಯಾಗಿದ್ದರೆ ಬೋಜಮ್ಮನವರಿಗೆ ಹೇಳಬೇಕು, ದಿನಾ ಬಂದು ಕೇಳುತ್ತಾರೆ.

ಈಗ ಅಂಗಡಿಯಲ್ಲಿ ಇದೇ ಕೆಲಸ. ನಿನ್ನ ಹೊಸ ಕಾರ್ಡಿನ ಮೂರನೆಯದು, ಬರೀ ಕಂದು ರೆಕ್ಕೆ ಕಾಣುವುದು, ಮೊನ್ನೆ ದೊಡ್ಡ ಜಗಳ ತಂದಿತು. ನಾನು ಕೆಂಬೂತ ಎಂದೆ. ಪಕ್ಕದ ಮಲಯಾಳಿ ಬೇಕರಿಯವರು ಖಂಡಿತ ಅಲ್ಲ, ಇದು ಉಪ್ಪನ್ ಎಂದರು. ಎಸ್ಟೇಟಿನಿಂದ ಬಂದಿದ್ದ ತಮಿಳು ಹೆಂಗಸು ನೀವಿಬ್ಬರೂ ಹಕ್ಕಿಯನ್ನೇ ನೋಡಿಲ್ಲ, ಇದು ಸೆಂಬೋತ್ತು ಎಂದಳು. ಅರ್ಧ ಗಂಟೆ ಯಾರೂ ಸೋಲಲಿಲ್ಲ. ಬಸ್ ಡ್ರೈವರ್ ನಾಣಯ್ಯ ಹಾರ್ನ್ ಹೊಡೆಯುತ್ತಾ ಹೊರಗೆ ಕಾಯುತ್ತಿದ್ದವರು ಒಳಗೆ ಬಂದು, “ಮೂರೂ ಒಂದೇ ಅಲ್ವಾ ಮಾರಾಯ್ರೆ? ಆ ಹೆಂಗಸನ್ನ ಬಸ್ ಹತ್ತಿಸಿ” ಎಂದರು.

ಭೀಮರಾಜನ ಬಾಲವನ್ನು ಮತ್ತೆ ಹಚ್ಚಿ ಇನ್ನೊಂದು ಪ್ರಿಂಟ್ ಹಾಕಿದ್ದೇನೆ. ಅಳಿಸಿದ್ದು ನನ್ನ ತಪ್ಪು. ಅಭ್ಯಾಸ.

ಜೊತೆಗೆ ನಾನೇ ತೆಗೆದ ಒಂದು ಫೋಟೋ ಇದೆ. ಬಹಳ ಅಪರೂಪದ ಹಕ್ಕಿ. ನಿಮ್ಮ ಮಹೇಶಣ್ಣ ಹೇಳಲಿ ನೋಡೋಣ.

ಅಪ್ಪ


ಹೊಳೆಮೂಲೆ ಕ್ಯಾಂಪ್
23 ಡಿಸೆಂಬರ್ 2024

ಅಪ್ಪಾ,

ನೀನು ಇಂಥವನೆಂದು ನನಗೆ ಗೊತ್ತಿರಲಿಲ್ಲ.

ಕೆಂಪಗೆ ಸುಕ್ಕು ಬಿದ್ದ ಬೋಳು ಕತ್ತು, ಕೆಳಗೆ ಒಂದಿಷ್ಟು ಕಪ್ಪು ಪುಕ್ಕ. ಅನುಶ್ರೀ ನೋಡಿದ ಕೂಡಲೇ ಕೆಂಪು ತಲೆಯ ರಣಹದ್ದು ಎಂದಳು. ಅದು ಈಗ ಎಷ್ಟು ಅಪರೂಪ ಗೊತ್ತಾ? ಮಹೇಶಣ್ಣ ಎರಡು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಗಸ್ತಿನ ನಡುವೆ ಕೂತಾಗಲೆಲ್ಲ ತೆಗೆದು ನೋಡುವುದು, ಒಳಗಿಡುವುದು. “ಕತ್ತು ಹದ್ದಿಂದೇ. ಆದ್ರೆ ನಿಂತಿರೋ ಬಗೆ ಯಾಕೋ ಮನೆ ಜಗಲಿ ಮೇಲೆ ನಿಂತಂಗೆ ಐತೆ” ಎಂದು ಒಬ್ಬರೇ ಮಾತಾಡಿಕೊಳ್ಳುತ್ತಿದ್ದರು. ಅನುಶ್ರೀ ರೇಂಜ್ ಆಫೀಸಿಗೆ ವೈರ್‌ಲೆಸ್ಸಿನಲ್ಲಿ ತಿಳಿಸಿಯೇ ಬಿಡುತ್ತೇನೆಂದು ಕೈಗೆ ಸೆಟ್ ತೆಗೆದುಕೊಂಡಳು. ಆಗ ನನಗೆ ಫೋಟೋದ ಮೂಲೆಯಲ್ಲಿ ನಮ್ಮ ಬಟ್ಟೆ ಒಗೆಯುವ ಕಲ್ಲು ಕಂಡಿತು.

ಅಮ್ಮನ ಬೋಳು ಕತ್ತಿನ ಕೋಳಿ.

ಮಹೇಶಣ್ಣ ನಕ್ಕು ನಕ್ಕು ಬೆಂಚಿನಿಂದ ಇಳಿದು ನೆಲದ ಮೇಲೆ ಕೂತರು. ಮರುದಿನ ಬೆಳಿಗ್ಗೆ ತಾವೇ ಎರಡು ಕೊಡ ಹಿಡಿದು ಹೊರಟರು. ಈ ಆಟ ಶುರುವಾದ ಮೂರು ವರ್ಷದಲ್ಲಿ ಅವರು ನೀರು ಹೊತ್ತದ್ದು ಇದೇ ಮೊದಲಂತೆ. ನಿನ್ನನ್ನು ನೋಡಬೇಕು ಎನ್ನುತ್ತಿದ್ದಾರೆ.

ಕಪ್ಪೆಬಾಯಿ ಸರಿ. ಬೋಜಮ್ಮನವರಿಗೆ ನಮ್ಮೆಲ್ಲರ ನಮಸ್ಕಾರ ಹೇಳು.

ಈ ಕಾರ್ಡಿನ ಆರನೆಯದು ನನಗೆ ಇಷ್ಟವಾದದ್ದು. ಮೊನ್ನೆ ಬಿದಿರು ಮೆಳೆಯ ಪಕ್ಕ, ನಾವು ದಿನಾ ನಡೆಯುವ ದಾರಿಯಲ್ಲಿ ತೆಗೆದದ್ದು. ಚಳಿಗಾಲಕ್ಕೆ ಮಾತ್ರ ಇಲ್ಲಿಗೆ ಬರುವ ಹಕ್ಕಿ. ಕ್ಲಿಕ್ ಮಾಡುವಷ್ಟರಲ್ಲಿ ಬೆನ್ನು ತಿರುಗಿಸಿತು. ಪುಸ್ತಕ ನೋಡದೆ ಹೇಳು.

ನಿನ್ನ
ದಿವ್ಯಾ


ಕುಟ್ಟ ಬಸ್ ಸ್ಟ್ಯಾಂಡ್
4 ಜನವರಿ 2025, ಮಧ್ಯಾಹ್ನ

ದಿವ್ಯಾ,

ಇದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಫಾರೆಸ್ಟರ್ ದೇರಪ್ಪನವರು ಜೀಪ್ ತೆಗೆಯುವುದರೊಳಗೆ ಮುಗಿಸಬೇಕು.

ಆರನೆಯದು ನವರಂಗ. ಅದು ಬಿಡು. ನಿನ್ನೆ ಅದನ್ನು ದೊಡ್ಡದು ಮಾಡಿ ಪರದೆಯ ಮೇಲೆ ಇಟ್ಟುಕೊಂಡಿದ್ದೆ. ಹಕ್ಕಿಯ ಎಡಗಡೆ, ತರಗೆಲೆಗಳಿಂದ ಒಂದು ಗೇಣು ಮೇಲೆ, ಒಂದು ಗೆರೆ ಇದೆ. ಮೊದಲಿನ ಹಾಗಿದ್ದರೆ ಅಳಿಸಿಬಿಡುತ್ತಿದ್ದೆ. ಈ ಸಲ ಯಾವ ಹಕ್ಕಿಯ ಬಾಲವೋ ಎಂದು ಇನ್ನೂ ದೊಡ್ಡದು ಮಾಡಿದೆ. ಬಾಲವಲ್ಲ. ಬಳ್ಳಿಯೂ ಅಲ್ಲ. ಬಳ್ಳಿ ಒಂದೇ ದಪ್ಪ ಇರುವುದಿಲ್ಲ, ಬಿಸಿಲು ಬಿದ್ದರೆ ಹೊಳೆಯುವುದಿಲ್ಲ. ಇದು ಎಲೆಯ ಮರೆಯಲ್ಲಿ ದುಂಡಗೆ ಬಾಗಿ ತನ್ನ ಮೇಲೇ ಗಂಟು ಬಿದ್ದಿದೆ. ಮದುಮಕ್ಕಳ ಹಿಂದಿನ ಕರೆಂಟ್ ತಂತಿ ಅಳಿಸಿಯೇ ನಾನು ಮುದುಕನಾದವನು. ತಂತಿ ನನಗೆ ಗೊತ್ತಾಗುತ್ತದೆ. ಇದು ಬೈಕಿನ ಕ್ಲಚ್ ತಂತಿ. ಯಾರೋ ಉರುಳು ಹಾಕಿದ್ದಾರೆ.

ನೀವು ದಿನಾ ನಡೆಯುವ ದಾರಿ ಎಂದು ಬರೆದಿದ್ದೆ.

ನಿಮ್ಮ ಆಫೀಸಿಗೆ ಫೋನಿನಲ್ಲಿ ಕಳಿಸಿದರೆ ಸಣ್ಣ ಪರದೆಯಲ್ಲಿ ಆ ಗೆರೆ ಕಾಣುವುದಿಲ್ಲ. ಕ್ಯಾಲೆಂಡರ್ ಅಳತೆಯಲ್ಲಿ ಪ್ರಿಂಟ್ ಹಾಕಿ, ಬೆಳಿಗ್ಗೆ ಮಡಿಕೇರಿ ಬಸ್ ಹಿಡಿದು, ಅಲ್ಲಿಯೂ ಗೋಣಿಕೊಪ್ಪದಲ್ಲಿಯೂ ಬದಲಿಸಿ ಬಂದೆ. ಆಫೀಸಿನಲ್ಲಿ ದೇರಪ್ಪನವರು ಪ್ರಿಂಟನ್ನು ಕಿಟಕಿಗೆ ಹಿಡಿದು ನೋಡಿದರು. ಕೂಡಲೇ ಡ್ರೈವರನ್ನು ಕರೆದರು.

ಕ್ಯಾಂಪಿಗೆ ಹೊರಗಿನವರನ್ನು ಬಿಡುವುದಿಲ್ಲವಂತೆ. ನಾನು ನಾಲ್ಕು ಗಂಟೆಯ ಬಸ್ಸಿಗೆ ಹಿಂದಿರುಗುತ್ತೇನೆ. ಕಾಲಿಡುವ ಜಾಗ ನೋಡಿ ಇಡು.

ಅಪ್ಪ


ಹೊಳೆಮೂಲೆ ಕ್ಯಾಂಪ್
9 ಜನವರಿ 2025

ಅಪ್ಪನಿಗೆ ನಮಸ್ಕಾರಗಳು.

ನೀವು ಹೇಳಿದ್ದು ನಿಜವಾಗಿತ್ತು. ಬಿದಿರು ಮೆಳೆಯಿಂದ ಹೊಳೆಯವರೆಗೆ ಎರಡು ದಿನ ಹುಡುಕಿ ಹನ್ನೊಂದು ಉರುಳು ತೆಗೆದೆವು. ಉರುಳಿಗೆ ಏನು ಬಿದ್ದಿದೆ ಎಂದು ನೋಡಲು ಬಂದ ಇಬ್ಬರು ಬೇಟೆಗಾರರು ಬೆಳಗಿನ ಜಾವ ದೇರಪ್ಪ ಸರ್ ಕೈಗೆ ಸಿಕ್ಕಿಬಿದ್ದರು. ಎಲ್ಲರೂ ಕ್ಷೇಮ. ನೀವು ಯೋಚನೆ ಮಾಡಬೇಡಿ. ಸ್ವಲ್ಪ ದಿನ ಕೆಲಸ ಜಾಸ್ತಿ ಇರುವುದರಿಂದ ಕಾಗದ ತಡವಾಗಬಹುದು.

ದಿವ್ಯಶ್ರೀ


ಸುಂಟಿಕೊಪ್ಪ
15 ಜನವರಿ 2025

ಚಿ. ದಿವ್ಯಾ,

ಉರುಳು ತೆಗೆದದ್ದು ಓದಿ ಸಮಾಧಾನವಾಯಿತು. ಆದರೆ ಆ ಕಾಗದ ನೀನು ಬರೆದದ್ದಲ್ಲ. ನಿನ್ನ ‘ಕ’ದ ತಲೆಕಟ್ಟು ಹೀಗೆ ನೆಟ್ಟಗಿರುವುದಿಲ್ಲ. ಮತ್ತೆ ‘ನೀವು’ ಎಂದಿದೆ. ಅನುಶ್ರೀಯದೇ ಇರಬೇಕು. ಒಳ್ಳೆಯ ಹುಡುಗಿ, ಸುಳ್ಳು ಹೇಳಲು ಬರುವುದಿಲ್ಲ. ನಿನ್ನ ಕೈಗೆ ಏನಾಗಿದೆ? ಅಮ್ಮನಿಗೆ ನಾನು ಕಾಗದ ತೋರಿಸಿಲ್ಲ, ಓದಿ ಹೇಳಿದೆ ಅಷ್ಟೇ.

ಇನ್ನೊಂದು ವಿಷಯ. ಅವತ್ತು ನಿಮ್ಮ ಆಫೀಸಿನಲ್ಲಿ ದೇರಪ್ಪನವರು ಡ್ರೈವರನ್ನು ಹುಡುಕಲು ಹೊರಗೆ ಹೋದಾಗ ನಾನು ಒಬ್ಬನೇ ನಿಂತಿದ್ದೆ. ಗೋಡೆಯ ಬೋರ್ಡಿನಲ್ಲಿ ಸಿಬ್ಬಂದಿಯವರ ಫೋಟೋಗಳಿದ್ದವು. ಮೂರನೇ ಸಾಲಿನಲ್ಲಿ ನೀನು. ಬೆಳಕು ಒಂದೇ ಕಡೆಯಿಂದ ಬಿದ್ದಿದೆ. ಎಡಗಿವಿ ಇಲ್ಲವೇ ಇಲ್ಲ. ಯಾವನೋ ಎರಡು ನಿಮಿಷದಲ್ಲಿ ತೆಗೆದು ಕಳಿಸಿದ್ದಾನೆ.

ನೀನು ಅರ್ಜಿಗೆ ಫೋಟೋ ತೆಗೆದುಕೊಡು ಎಂದು ಅಂಗಡಿಗೆ ಬಂದ ದಿನ ಕ್ಯಾಮೆರಾ ಕೆಟ್ಟಿದೆ ಎಂದೆ. ಕೆಟ್ಟಿರಲಿಲ್ಲ. ಫೋಟೋ ಇಲ್ಲದಿದ್ದರೆ ಅರ್ಜಿ ಹೋಗುವುದಿಲ್ಲ ಎಂದುಕೊಂಡೆ. ಅಷ್ಟು ಸಣ್ಣ ಬುದ್ಧಿ ಮಾಡಿದೆ. ನೀನು ಬೇರೆ ಊರಿಗೆ ಹೋಗಿ ತೆಗೆಸಿಕೊಂಡೆ. ನೀನು ಊರು ಬಿಡುವಾಗ ಬಸ್ ಸ್ಟ್ಯಾಂಡಿಗೆ ಬರಲಿಲ್ಲ, ಅಂಗಡಿಯ ಷಟರ್ ಅರ್ಧ ಎಳೆದು ಒಳಗೆ ಕೂತಿದ್ದೆ.

ಕೈ ವಿಷಯ ಬರಿ. ಎಷ್ಟು ವಕ್ರವಾಗಿದ್ದರೂ ಸರಿ, ನೀನೇ ಬರಿ.

ಅಪ್ಪ


ಹೊಳೆಮೂಲೆ ಕ್ಯಾಂಪ್
27 ಜನವರಿ 2025

ಅಪ್ಪಾ,

ಇದು ನಾನೇ. ವಕ್ರವಾಗಿದೆ, ಓದಿಕೊ.

ಬಲಗೈ ಮಣಿಕಟ್ಟಿನ ಹತ್ತಿರ ಏಳು ಹೊಲಿಗೆ. ಹೋದ ವಾರ ಬಿಚ್ಚಿದರು. ಬೆರಳೆಲ್ಲ ಸರಿಯಾಗಿ ಆಡುತ್ತವೆ. ಹನ್ನೊಂದನೆಯ ಉರುಳಿನಲ್ಲಿ ಕಾಡುಕುರಿ ಇತ್ತು, ಆಡಿನಷ್ಟು ದೊಡ್ಡ ಜಿಂಕೆ ಜಾತಿ. ಹಿಂಗಾಲಿಗೆ ತಂತಿ ಬಿಗಿದು ಮಲಗಿತ್ತು. ಸತ್ತಿದೆ ಎಂದುಕೊಂಡೆವು. ಹತ್ತಿರ ಹೋದರೆ ಕಣ್ಣು ಬಿಟ್ಟಿತು. ಮಹೇಶಣ್ಣ ಅದರ ಮುಖಕ್ಕೆ ತಮ್ಮ ಅಂಗಿ ಹೊದಿಸಿ ಹಿಡಿದರು, ಅನುಶ್ರೀ ತಂತಿ ಕತ್ತರಿಸಿದಳು, ನಾನು ಕಾಲು ಹಿಡಿದಿದ್ದೆ. ಬಿಡಿಸಿಕೊಂಡಿದ್ದೇ ತಡ, ಝಾಡಿಸಿ ಎದ್ದಿತು. ತಂತಿಯ ತುದಿ ನನ್ನ ಕೈಮೇಲೆ ಹರಿಯಿತು. ಅದು ಕುಂಟುತ್ತಾ ಹತ್ತು ಹೆಜ್ಜೆ ಹೋಗಿ, ನಿಂತು ತಿರುಗಿ ನೋಡಿ, ಪೊದೆಯೊಳಗೆ ಸೇರಿತು. ಮುಖದಿಂದ ಕತ್ತಿಗೆ ಜಾರಿದ್ದ ಮಹೇಶಣ್ಣನ ಅಂಗಿಯೂ ಅದರ ಜೊತೆಗೇ ಹೋಯಿತು.

“ಅಪ್ಪಂಗೆ ಹೇಳ್ಬೇಡ, ಹೆದರ್ತಾರೆ” ಎಂದು ಅನುಶ್ರೀಗೆ ಹೇಳಿ ನಾನೇ ಬರೆಸಿದ್ದು. ಅವಳು ಈಗ ‘ಕ’ ಅಭ್ಯಾಸ ಮಾಡುತ್ತಿದ್ದಾಳೆ.

ಕ್ಯಾಮೆರಾ ಕೆಟ್ಟಿರಲಿಲ್ಲ ಎಂದು ನನಗೆ ಅವತ್ತೇ ಗೊತ್ತಿತ್ತು. ನೀನು ಕೆಟ್ಟಿದೆ ಎನ್ನುವಾಗ ಅದರ ಹಸಿರು ದೀಪ ಉರಿಯುತ್ತಿತ್ತು. ಬಸ್ಸಿನಲ್ಲಿ ಕುಶಾಲನಗರದವರೆಗೂ ಅತ್ತೆ. ಆ ಫೋಟೋದಲ್ಲಿ ಬೆಳಕು ಸರಿಯಿಲ್ಲ ಎನ್ನುತ್ತೀಯ, ನನ್ನ ಮುಖವೇ ಊದಿಕೊಂಡಿತ್ತು ಅಪ್ಪಾ. ನಿನಗೆ ನನ್ನ ಮೇಲೆ ಕೋಪ ಎಂದೇ ಇಷ್ಟು ದಿನ ತಿಳಿದಿದ್ದೆ. ಹೆದರಿಕೆ ಎಂದು ಹೊಳೆಯಲಿಲ್ಲ. ನೀನು ಕುಟ್ಟದವರೆಗೆ ಬಂದು, ನನ್ನನ್ನು ನೋಡದೆ ನಾಲ್ಕು ಗಂಟೆಯ ಬಸ್ ಹತ್ತಿದೆ ಎಂದು ದೇರಪ್ಪ ಸರ್ ಹೇಳಿದ ದಿನ ಮಾತ್ರ ನನಗೆ ನಿಜವಾಗಿ ಕೋಪ ಬಂತು. ಅರ್ಧ ಗಂಟೆ ಕಾದಿದ್ದರೆ ಜೀಪಿನಲ್ಲಿ ನಾನೇ ಬರುತ್ತಿದ್ದೆ.

ಈಗ ಸರ್ ಒಂದು ಮಾತು ಹೇಳಿ ಕಳಿಸಿದ್ದಾರೆ. ಫೆಬ್ರವರಿ ಹದಿನೈದರಂದು ರೇಂಜಿನ ಎಲ್ಲ ಗಾರ್ಡು, ವಾಚರುಗಳು ಸೇರುತ್ತಾರೆ. ಫೋಟೋ ನೋಡುವುದು ಹೇಗೆ ಎಂದು ನೀನು ಒಂದು ಗಂಟೆ ಪಾಠ ಮಾಡಬೇಕಂತೆ. ಇಲ್ಲ ಎನ್ನಬೇಡ. ಮಹೇಶಣ್ಣ ಮುಂದಿನ ಸಾಲಿನಲ್ಲಿ ಕೂರುತ್ತಾರಂತೆ. ನವರಂಗಕ್ಕೆ ಪುಸ್ತಕ ನೋಡಿದೆಯೋ ಇಲ್ಲವೋ, ಅಲ್ಲೇ ಎಲ್ಲರೆದುರು ಕೇಳುತ್ತಾರಂತೆ.

ನಿನ್ನ
ದಿವ್ಯಾ


ಸುಂಟಿಕೊಪ್ಪ
17 ಫೆಬ್ರವರಿ 2025

ಮಗಳೇ,

ಮನೆಗೆ ಬಂದು ಎರಡು ದಿನವಾದರೂ ನಿಮ್ಮಮ್ಮ ಪಾಠದ ಕಥೆ ಬಿಡಿಬಿಡಿಯಾಗಿ ಕೇಳುತ್ತಲೇ ಇದ್ದಾಳೆ. ನೀನು ಹಿಂದಿನ ಸಾಲಿನಲ್ಲೇ ನಿಂತಿದ್ದೆ, ನಿನಗೆ ಅದನ್ನೆಲ್ಲ ಹೇಳಬೇಕಾಗಿಲ್ಲ. ಏಳನೇ ಕ್ಲಾಸು ಓದಿದವನು ನಲವತ್ತು ಜನ ಖಾಕಿಯವರ ಮುಂದೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿ, ಕೊನೆಗೆ ಎಲ್ಲರ ಕೈಗೂ ಒಂದೊಂದು ಮದುವೆ ಫೋಟೋ ಕೊಟ್ಟು ನನಗೆ ಬರುವುದನ್ನೇ ಹೇಳಿದೆ. ಮೊದಲು ಮದುಮಕ್ಕಳನ್ನು ನೋಡಿ ಮುಗಿಸಿ. ಆಮೇಲೆ ಅವರನ್ನು ಅಂಗೈಯಿಂದ ಮುಚ್ಚಿ. ಈಗ ಉಳಿದದ್ದನ್ನು ನೋಡಿ. ನಲವತ್ತು ಜನ ನಲವತ್ತು ಫೋಟೋಗಳ ಮೇಲೆ ಅಂಗೈ ಇಟ್ಟುಕೊಂಡು ಕೂತದ್ದು ಕಂಡಾಗ ಧೈರ್ಯ ಬಂತು.

ನವರಂಗಕ್ಕೆ ಪುಸ್ತಕ ನೋಡಿದ್ದೆ. ನಿಮ್ಮ ಮಹೇಶಣ್ಣನ ಎದುರು ಒಪ್ಪಿಕೊಂಡಾಗಿದೆ. ಎರಡು ಕೊಡ ಬಾಕಿ ಎಂದಿದ್ದಾರೆ.

ಈ ಕಾಗದ ಬರೆಯುತ್ತಿರುವುದು ನೀನು ನೋಡದಿದ್ದ ಒಂದು ಸಂಗತಿ ಹೇಳಲು. ನೀನು ನನ್ನನ್ನು ಬಸ್ ಹತ್ತಿಸಿ ಹೋದ ಮೇಲೆ ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಕೂತರು. ಮಡಿಲಲ್ಲಿ ಒಂದು ಚೀಲ ಕಿತ್ತಳೆ. ನನ್ನ ವಯಸ್ಸಿನವರೇ.

“ಇಷ್ಟು ದೂರ ಯಾರ ಮನೆಗೆ ಬಂದಿದ್ರಿ?” ಎಂದು ಕೇಳಿದರು.

ಇಷ್ಟು ದಿನ ಊರಿನಲ್ಲಿ ಯಾರಾದರೂ ನಿನ್ನ ಬಗ್ಗೆ ಕೇಳಿದರೆ ನಾನು ಏನು ಹೇಳುತ್ತಿದ್ದೆ ಗೊತ್ತೇ? ಸರ್ಕಾರಿ ಕೆಲಸ, ಕುಟ್ಟದ ಕಡೆ, ಎಂದು ಹೇಳಿ ಫೋಟೋ ಎಷ್ಟು ಕಾಪಿ ಬೇಕು ಎಂದು ಕೇಳಿಬಿಡುತ್ತಿದ್ದೆ. ಅವತ್ತು ಬಾಯಿಗೆ ಬೇರೆ ಮಾತು ಬಂತು.

“ಮನೆಗಲ್ಲ. ನನ್ನ ಮಗಳು ಇಲ್ಲಿ ಫಾರೆಸ್ಟ್ ಗಾರ್ಡು” ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ, ಮುಂದಿನ ಸೀಟಿನವರು ತಿರುಗಿ ನೋಡಿದರು.

“ಹೌದಾ? ಹಾಗಾದ್ರೆ ನಮ್ಮ ತೋಟಕ್ಕೆ ಆನೆ ಬಂದ್ರೆ ಅವರಿಗೇ ಹೇಳ್ಬೋದಲ್ಲ?” ಎಂದರು ಆ ಹೆಂಗಸು.

“ಹೇಳಿ, ಹೇಳಿ. ಬರ್ತಾಳೆ” ಎಂದೆ.

ಅಷ್ಟಕ್ಕೇ ಬಿಡಲಿಲ್ಲ. ಆನೆ ಎಷ್ಟು ಗಂಟೆಗೆ ಬರುತ್ತದೆ, ಬಾಳೆ ಎಷ್ಟು ಮುರಿದಿದೆ, ಹಲಸಿನ ಮರ ಯಾವ ದಿಕ್ಕಿಗಿದೆ, ಎಲ್ಲ ಹೇಳಿದರು. ನಾನೂ ಇಲಾಖೆಯವನ ಹಾಗೆ ತಲೆಯಾಡಿಸುತ್ತಾ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಮುಂದಿನ ಸೀಟಿನವರು ತಮ್ಮ ಗದ್ದೆಯ ಕಾಡುಹಂದಿಯನ್ನೂ ಬರೆಸಿದರು. ಗೋಣಿಕೊಪ್ಪ ಬರುವಷ್ಟರಲ್ಲಿ ಟಿಕೆಟ್ಟಿನಲ್ಲಿ ಜಾಗ ಉಳಿದಿರಲಿಲ್ಲ. ಇಳಿಯುವಾಗ ಆ ಹೆಂಗಸು ನನ್ನ ಕೈಗೆ ನಾಲ್ಕು ಕಿತ್ತಳೆ ಕೊಟ್ಟು, “ನಿಮ್ಮ ಮಗಳಿಗೆ” ಎಂದರು. ದಾರಿಯಲ್ಲಿ ಹಸಿವಾಗಿ ನಾನೇ ತಿಂದೆ.

ಟಿಕೆಟ್ ಇದರ ಜೊತೆ ಇಟ್ಟಿದ್ದೇನೆ. ಬೇಗ ಏನಾದರೂ ಮಾಡು. ನಾನು ಮಾತು ಕೊಟ್ಟು ಬಂದಿದ್ದೇನೆ.

ನಿನ್ನ ಅಪ್ಪ,
ನಾಗರಾಜು